ಟಿಕ್ ಅನ್ನದ ಯುಪಿಎಸ್

ಕರೆಂಟು ಹೋದಾಗ ಮನೆಯ ಯುಪಿಎಸ್ ‘ಟಿಕ್’ ಅನ್ನುತ್ತದೆ, ಫ್ಯಾನು ಅರೆಕ್ಷಣ ತಡವರಿಸುತ್ತದೆ. ಡೇಟಾ ಸೆಂಟರಿನ ಯುಪಿಎಸ್‌ನಲ್ಲಿ ಆ ಟಿಕ್ ಇಲ್ಲ. ಕರೆಂಟು ಇದ್ದಾಗಲೂ ಅದು ಬರುವ ಎಸಿಯನ್ನು ಡಿಸಿ ಮಾಡಿ, ಅದರಿಂದ ಮತ್ತೆ ಹೊಸ ಎಸಿ ಹುಟ್ಟಿಸಿ ಸರ್ವರಿಗೆ ಕೊಡುತ್ತಿರುತ್ತದೆ. ಬ್ಯಾಟರಿ ನಡುವಿನ ಆ ಡಿಸಿಗೇ ಅಂಟಿಕೊಂಡಿರುತ್ತದೆ. ಗ್ರಿಡ್ ಕೈಕೊಟ್ಟರೆ ಸ್ವಿಚ್ ಬದಲಿಸುವ ಮಾತೇ ಬರುವುದಿಲ್ಲ. 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೆ 20 ಮಿಲಿಸೆಕೆಂಡು. ಕರೆಂಟಿಲ್ಲದೆ ಸರ್ವರ್ ತಾಳಿಕೊಳ್ಳುವುದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಹೀಗೆ ಎರಡೆರಡು ಸಲ ಕರೆಂಟು ಬದಲಿಸುವುದಕ್ಕೆ ತೆರುವ ಬೆಲೆ, ಶಾಖವಾಗಿ ಸೋರುವ ಒಂದಿಷ್ಟು ವಿದ್ಯುತ್ತು. ನನಗದು ದುಬಾರಿ ಅನ್ನಿಸಿಲ್ಲ.

ಬ್ಯಾಟರಿ ದೂಡುವುದು ಕೆಲವೇ ನಿಮಿಷ. ಅಷ್ಟರೊಳಗೆ, ಸಾಮಾನ್ಯವಾಗಿ 10-15 ಸೆಕೆಂಡಿನಲ್ಲೇ, ಹೊರಗಿನ ಡೀಸೆಲ್ ಜನರೇಟರ್ ಎದ್ದು ನಿಲ್ಲಬೇಕು. ಅದಕ್ಕೆಂದೇ ಒಂದು ಸಣ್ಣ ಹೀಟರ್, ಬಾಣಂತಿಗೆ ಹಂಡೆ ಕಾಯಿಸಿಟ್ಟ ಹಾಗೆ, ಎಂಜಿನ್ನಿನ ನೀರನ್ನು ಹಗಲೂ ರಾತ್ರಿ ಬೆಚ್ಚಗಿಟ್ಟಿರುತ್ತದೆ. ವರ್ಷದ ಬಹುಪಾಲು ಆ ಎಂಜಿನ್ನಿಗೆ ಕೆಲಸವೇ ಇರುವುದಿಲ್ಲ, ಅದು ಬೇರೆ ಮಾತು.

ಇವಕ್ಕೆಲ್ಲ ಈಗ ಭಾರೀ ಬೇಡಿಕೆ. 2016ರಲ್ಲಿ ಯುಪಿಐ ಬಂತು. ಪಾವತಿಯ ಮಾಹಿತಿ ಭಾರತದಲ್ಲೇ ಇರಬೇಕೆಂದು 2018ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿತು. ನವಿ ಮುಂಬೈ, ಚೆನ್ನೈ, ನಮ್ಮ ವೈಟ್‌ಫೀಲ್ಡ್‌ಗಳಲ್ಲಿ ಡೇಟಾ ಸೆಂಟರುಗಳು ಎದ್ದವು. ಎಐ ಬಂದ ಮೇಲಂತೂ ಒಂದೇ ರ‍್ಯಾಕ್ 100 ಕಿಲೋವ್ಯಾಟ್ ಮೀರಿ ಕೇಳುವುದುಂಟು. ಸೀಸದ ಬ್ಯಾಟರಿಯ ಜಾಗಕ್ಕೆ ಲಿಥಿಯಂ ಬರುತ್ತಿದೆ. ಸೀಸದ್ದಕ್ಕೆ ಸೆಖೆ ಆಗಿಬರದು: 25 ಡಿಗ್ರಿಯ ಮೇಲೆ ಇನ್ನು 10 ಡಿಗ್ರಿ ಏರಿದರೆ ಬಾಳಿಕೆ ಸುಮಾರು ಅರ್ಧಕ್ಕಿಳಿಯುತ್ತದೆ.