‘ಕೂಲಿ’ಯನ್ನು ತೊಳೆದ ಘಾಟು

ಮಾರಿಷಸ್ ದ್ವೀಪದ ಪೋರ್ಟ್ ಲೂಯಿ ಬಂದರಿನಲ್ಲಿ ಹದಿನಾರು ಕಲ್ಲಿನ ಮೆಟ್ಟಿಲುಗಳಿವೆ. ಹಡಗಿಳಿದ ನಮ್ಮ ದೇಶದ ಕೂಲಿ ಜನ ಇವನ್ನೇ ಹತ್ತಿ ಡಿಪೋ ಸೇರುತ್ತಿದ್ದರು. 1834ರಿಂದ 1920ರೊಳಗೆ ಈ ದ್ವೀಪಕ್ಕೆ ಬಂದವರು ಹತ್ತಿರ ಹತ್ತಿರ ಐದು ಲಕ್ಷ. ಹಿಂದೆ ಜನರ ಬಾಯಲ್ಲಿ ಇದು ‘ಕೂಲಿ ಘಾಟ್’. ಈಗ ‘ಆಪ್ರವಾಸಿ ಘಾಟ್’. 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಈ ಹೆಸರಿನಲ್ಲೇ. ಪಕ್ಕದ ಮ್ಯೂಸಿಯಂ ತೆರೆದದ್ದು 2014ರಲ್ಲಿ. ಇಡೀ ದಿನ ಸುತ್ತಾಡಿದ ನಮ್ಮನ್ನು ಕಾಡಿದ್ದು ಈ ಹೆಸರೇ.

ಕೂಲಿ ಅಂದರೆ ಕನ್ನಡದಲ್ಲಿ ದುಡಿದವನಿಗೆ ಸಲ್ಲಬೇಕಾದ ಹಣ. ದುಡಿಯುವವನ ಹೆಸರೂ ಅದೇ. ಬಿಳಿ ಧಣಿಗಳು ಅದನ್ನು ಬೈಗುಳ ಮಾಡಿದರು, ನಿಜ. ಆದರೆ ಬೈದವನ ನಾಲಿಗೆ ತೊಳೆಯೋದು ಬಿಟ್ಟು ಬೈಸಿಕೊಂಡವನ ಹೆಸರು ತೊಳೆದರೆ ಹೇಗೆ? ‘ಆಪ್ರವಾಸಿ’ ಎಂದರೆ ವಲಸೆ ಬಂದವನು, ಅಷ್ಟೆ. ಅದರಲ್ಲಿ ಕಬ್ಬಿನ ಗದ್ದೆ ಇಲ್ಲ, ಕರಾರಿಲ್ಲ, ಒಂದು ದಿನ ತಪ್ಪಿದರೆ ಎರಡು ದಿನದ ಸಂಬಳ ಮುರಿಯುತ್ತಿದ್ದ ಧಣಿಯ ಲೆಕ್ಕವೂ ಇಲ್ಲ. ಮಾರಿಷಸ್ಸಿನವರೇ ಆದ ಕವಿ ಖಾಲ್ ತೊರಾಬುಲ್ಲಿ ಬೇರೆ ದಾರಿ ಹಿಡಿದರು. ‘ಕೂಲಿ’ಯಿಂದಲೇ ‘ಕೂಲಿಟ್ಯೂಡ್’ ಎಂಬ ಪದ ಕಟ್ಟಿದರು. ‘ದಲಿತ’ ಅನ್ನೋ ಹೆಸರನ್ನು ತಾವೇ ಎತ್ತಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಜಾತಿ. 1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗಿನಲ್ಲಿ ಬಂದ 36 ಮಂದಿ ಗುಡ್ಡಗಾಡಿನ ಆದಿವಾಸಿಗಳು. ಆಮೇಲೆ ಬಂದವರಲ್ಲಿ ಮೇಲಿನವರೂ ಇದ್ದರು, ಕೆಳಗಿನವರೂ ಇದ್ದರು; ಗುಮಾಸ್ತ ಹೆಸರು, ವಯಸ್ಸು, ಎತ್ತರದ ಜೊತೆ ಜಾತಿಯನ್ನೂ ಬರೆದುಕೊಳ್ಳುತ್ತಿದ್ದ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಹೆದರಿಕೆಯ ಕಥೆಯನ್ನು ವಲಸೆಯ ಚರಿತ್ರೆಕಾರರು ಮತ್ತೆ ಮತ್ತೆ ಹೇಳುತ್ತಾರೆ. ಯಾರ ಹೆದರಿಕೆ ಸ್ವಾಮಿ ಇದು? ಬಾವಿ ಮುಟ್ಟಗೊಡದ ಊರು ಬಿಟ್ಟು ಬಂದ ಹೆಂಗಸಿಗೆ ಕೆಡೋಕೆ ಏನಿತ್ತು? ನಮ್ಮನ್ನು ಕೇಳಿದರೆ, ಮ್ಯೂಸಿಯಂ ಶುರುವಾಗಬೇಕಾದ್ದು ಆ ಜಾತಿಯ ಕಾಲಂನಿಂದ.

ಹತ್ತಿರದಲ್ಲೇ, ಹಳೇ ಮಿಲಿಟರಿ ಆಸ್ಪತ್ರೆಯಲ್ಲಿ, 2023ರಲ್ಲಿ ಗುಲಾಮಗಿರಿಯ ಮ್ಯೂಸಿಯಂ ತೆರೆದಿದೆ. ಹೋದವರು ಎರಡನ್ನೂ ಒಂದೇ ದಿನ ನೋಡಬೇಕು. ಗುಲಾಮಗಿರಿ ಇಲ್ಲಿ ರದ್ದಾದದ್ದು 1835ರ ಫೆಬ್ರವರಿ 1ರಂದು. ಅಟ್ಲಾಸ್ ಬಂದದ್ದು ಅದಕ್ಕೂ ಮೂರು ತಿಂಗಳು ಮೊದಲು! ಆಫ್ರಿಕಾ, ಮಡಗಾಸ್ಕರಿನಿಂದ ಎಳೆತಂದವರು ಕೈತಪ್ಪುವ ಮೊದಲೇ ಧಣಿಗಳು ಅಗ್ಗದ ಆಳು ತರಿಸಿಕೊಂಡಿದ್ದರು. ಬ್ರಿಟಿಷ್ ಸರ್ಕಾರ ತನ್ನ ವಸಾಹತುಗಳ ಧಣಿಗಳಿಗೆ ಪರಿಹಾರವೆಂದು ಎರಡು ಕೋಟಿ ಪೌಂಡು ಎತ್ತಿಟ್ಟಿತು. ಗುಲಾಮರಿಗೆ ಬಿಡಿಗಾಸಿಲ್ಲ. ಒಬ್ಬನ ಬಿಡುಗಡೆಯ ಬೆಲೆ ಇಳಿಸಲು ಇನ್ನೊಬ್ಬನನ್ನು ಹಡಗು ಹತ್ತಿಸಿದ್ದು ಎರಡೂ ಕಟ್ಟಡಗಳನ್ನು ಸೇರಿಸಿ ಓದಿದರೆ ಮಾತ್ರ ಕಾಣುತ್ತದೆ. ಆ ದೇಶದಲ್ಲಿ ಎರಡಕ್ಕೂ ಬೇರೆ ಬೇರೆ ರಜೆ: ಫೆಬ್ರವರಿ 1 ಗುಲಾಮರ ನೆನಪಿಗೆ, ನವೆಂಬರ್ 2 ಕೂಲಿಗಳ ನೆನಪಿಗೆ.