ಟ್ರೈಲರ್ ಏರುವ ಹಾಯಿದೋಣಿ

ದೊಡ್ಡ ಹಾಯಿದೋಣಿ ಮಾರಿ ಚಿಕ್ಕದಕ್ಕೆ ಇಳಿದವರನ್ನು ಕಂಡು ಕನಿಕರಪಡಬೇಕಿಲ್ಲ. ಕ್ಯಾಲಿಫೋರ್ನಿಯಾದ ಫ್ರಾಂಕ್ ಬಟ್ಲರ್ 1969ರಲ್ಲಿ ತಂದ ಕ್ಯಾಟಲಿನಾ 22 ಅನ್ನೇ ನೋಡಿ. ಅದರ ಜೀವಾಳ, ತಳದಲ್ಲಿ ತೂಗುವ ಎರಕದ ಕಬ್ಬಿಣದ ಕೀಲ್. ಕ್ಯಾಬಿನ್ನಿನ ಮೆಟ್ಟಿಲ ಬಳಿ ವಿಂಚ್ ತಿರುಗಿಸಿದರೆ ಸುಮಾರು 250 ಕಿಲೋ ಭಾರ ಉಕ್ಕಿನ ಹಗ್ಗ ಹಿಡಿದು ಮೇಲೇರುತ್ತದೆ. 5 ಅಡಿ ಆಳ ಬೇಡುತ್ತಿದ್ದ ದೋಣಿಗೆ 2 ಅಡಿ ನೀರು ಸಾಕು. ಓಡುವಾಗ ಆ ಹಗ್ಗ ಗುಂಯ್‌ಗುಡುತ್ತದೆ. ಕೆಲವರಿಗೆ ಕಿರಿಕಿರಿ, ನನಗದು ತಂಬೂರಿ. ಐವರು ಮಲಗಬಹುದೆಂಬುದು ಮಾರುವವರ ಮಾತು, ಹಾಯಾಗಿರುವುದು ಇಬ್ಬರೇ. ಆದರೇನು? ಹಾಯಿಕಂಬ ಮಲಗಿಸಿ, ಟ್ರೈಲರನ್ನು ಗಾಡಿಯ ಹಿಂದೆ ಕಟ್ಟಿಕೊಂಡರೆ, ಎದುರುಗಾಳಿಯಲ್ಲಿ ದಿನಗಟ್ಟಲೆ ಹೆಣಗಿ ಸೇರಬೇಕಾದ ಕೊಲ್ಲಿಯನ್ನು ಹೆದ್ದಾರಿ ಹಿಡಿದು ಸಂಜೆಯೊಳಗೆ ಮುಟ್ಟಬಹುದು. ಬಂದರಿನ ತಿಂಗಳ ಬಾಡಿಗೆಯೂ ಉಳಿಯಿತು.