ಅವನ ಬರವು, ಅವನು ಬರುವುದು

ಮಂಗಳಗಿರಿ ಬೆಟ್ಟದ ಪಾನಕಾಲ ನರಸಿಂಹಸ್ವಾಮಿಗೆ ಬೆಲ್ಲದ ಪಾನಕವೇ ನೈವೇದ್ಯ. ಅರ್ಚಕರು ಅದನ್ನು ಶಂಖದಲ್ಲಿ ತುಂಬಿ ಸ್ವಾಮಿಯ ತೆರೆದ ಬಾಯಿಗೆ ಸುರಿಯುತ್ತಾರೆ. ಗುಟುಕರಿಸಿದ ಸದ್ದು ಕೇಳುತ್ತದೆ. ಅರ್ಧ ಒಳಗೆ ಹೋದಮೇಲೆ ಸದ್ದು ನಿಲ್ಲುತ್ತದೆ, ಉಳಿದರ್ಧ ಭಕ್ತರಿಗೆ ಪ್ರಸಾದವಾಗುತ್ತದೆ ಎನ್ನುವುದು ಅಲ್ಲಿಯ ನಂಬಿಕೆ. ವಿಜಯವಾಡದಿಂದ ಗುಂಟೂರಿಗೆ ಹೋಗುವ ದಾರಿಯ ಈ ಊರಿನ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲು ಕೂತವರು ಒಂದು ಕಡೆ ತಡೆದು ಯೋಚಿಸಲೇಬೇಕು. ಸ್ವಾಮಿ ಪಾನಕ ಕುಡಿಯುವುದು ಸೋಜಿಗ ಎಂದು ಹೇಳುವುದು ಹೇಗೆ? ‘ದ ಲಾರ್ಡ್ ಡ್ರಿಂಕಿಂಗ್ ಪಾನಕಂ’ ಎಂದೋ, ‘ದ ಲಾರ್ಡ್ಸ್ ಡ್ರಿಂಕಿಂಗ್ ಪಾನಕಂ’ ಎಂದೋ?

ಒಂದು ಅಪಾಸ್ಟ್ರಫಿ, ಒಂದು ‘ಎಸ್’. ಇದರ ಮೇಲೆ ದೊಡ್ಡ ದೊಡ್ಡವರೇ ಜಗಳವಾಡಿದ್ದಾರೆ. 1906ರಲ್ಲಿ ಫೌಲರ್ ಸಹೋದರರು ‘ದ ಕಿಂಗ್ಸ್ ಇಂಗ್ಲಿಷ್’ ಪುಸ್ತಕದಲ್ಲಿ ಎಸ್ ಇಲ್ಲದ ರೂಪಕ್ಕೆ ‘ಫ್ಯೂಸ್ಡ್ ಪಾರ್ಟಿಸಿಪಲ್’ ಎಂದು ಹೆಸರಿಟ್ಟು ಅದನ್ನು ಖಂಡಿಸಿದರು. ಅಣ್ಣ ಹೆನ್ರಿ ಫೌಲರ್ 1926ರ ‘ಮಾಡರ್ನ್ ಇಂಗ್ಲಿಷ್ ಯೂಸೇಜ್’ನಲ್ಲೂ ಅದೇ ಪಟ್ಟು ಹಿಡಿದರು. ಡೆನ್ಮಾರ್ಕಿನ ಭಾಷಾವಿದ್ವಾಂಸ ಒಟ್ಟೊ ಯೆಸ್ಪರ್ಸನ್ ಅದೇ ವರ್ಷ ಉತ್ತರ ಕೊಟ್ಟರು. ಹೆಸರಾಂತ ಲೇಖಕರ ಬರಹಗಳಿಂದಲೇ ಉದಾಹರಣೆ ಹೆಕ್ಕಿ, ಇದು ಇಂಗ್ಲಿಷಿನ ಸಹಜ ನಡೆ, ತಪ್ಪಲ್ಲ ಎಂದು ತೋರಿಸಿದರು. ಪುರಾವೆಯ ಮಟ್ಟಿಗೆ ಗೆದ್ದವರು ಯೆಸ್ಪರ್ಸನ್ನರೇ. ಆದರೂ ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಪುಸ್ತಕ ಓದಿ ಬೆಳೆದ ನಮ್ಮ ತಲೆಮಾರುಗಳಿಗೆ ‘ಮೈ ಬೀಯಿಂಗ್ ಲೇಟ್’ ಎಂದರೆ ಸರಿ, ‘ಮೀ ಬೀಯಿಂಗ್ ಲೇಟ್’ ಎಂದರೆ ಅಂಕ ಹೋಯಿತು, ಅಷ್ಟೇ.

ನಿಯಮ ಬಾಯಿಪಾಠವಾಯಿತು, ಅದರ ಒಳಗುಟ್ಟು ಯಾರೂ ಹೇಳಲಿಲ್ಲ. ಗುಟ್ಟು ತಿಳಿಯಲು ಕನ್ನಡ ಬಲ್ಲವರು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ನಾವು ‘ಅವನ ಬರವು’ ಎನ್ನುತ್ತೇವೆ, ‘ಅವನು ಬರುವುದು’ ಎನ್ನುತ್ತೇವೆ. ‘ಅವನ ಬರುವುದು’ ಎಂದರೆ ಇವತ್ತಿನ ಯಾವ ಕನ್ನಡ ಕಿವಿಯೂ ಒಪ್ಪುವುದಿಲ್ಲ. ‘ಅವನು ಬರವು’ ಎನ್ನುವುದಂತೂ ಮಾತೇ ಅಲ್ಲ. ಬರವು, ಓಟ, ನೋಟ, ಹಾಡುಗಾರಿಕೆ ಇವೆಲ್ಲ ಪೂರ್ತಿ ನಾಮಪದವಾಗಿ ನೆಲೆನಿಂತವು. ಹಾಗಾಗಿ ಷಷ್ಠಿ ಬೇಡುತ್ತವೆ. ‘ಬರುವುದು’ ನಾಮಪದದ ವೇಷ ತೊಟ್ಟರೂ ಒಳಗೆ ಇನ್ನೂ ಕ್ರಿಯಾಪದವೇ. ತನ್ನ ಕರ್ತೃವನ್ನು ಪ್ರಥಮಾ ವಿಭಕ್ತಿಯಲ್ಲೇ ಇಟ್ಟುಕೊಳ್ಳುತ್ತದೆ, ಕರ್ಮವನ್ನೂ ಹೊರುತ್ತದೆ: ಅವಳು ದೇವರನಾಮವನ್ನು ನಿಧಾನವಾಗಿ ಹಾಡುವುದು. ‘ಹಾಡುಗಾರಿಕೆ’ಗೆ ‘ದೇವರನಾಮವನ್ನು’ ಸೇರಿಸಲು ಹೋಗಿ ನೋಡಿ, ಸೇರುವುದಿಲ್ಲ. ‘ನಿಧಾನವಾಗಿ’ ಕೂಡ ಅಲ್ಲಿ ‘ನಿಧಾನದ’ ಆಗಲೇಬೇಕು.

ಮಂಗಳಗಿರಿಯ ತೆಲುಗಿನಲ್ಲೂ ಹೀಗೆಯೇ: ‘ನಾ ರಾಕ’, ಆದರೆ ‘ನೇನು ರಾವಡಂ’. ‘ನಾ ರಾವಡಂ’ ಎನ್ನುವುದಿಲ್ಲ. ಕೃಷ್ಣೆಯ ದಡದವರೂ ಕಾವೇರಿಯ ದಡದವರೂ ಇಂಗ್ಲಿಷಿನಲ್ಲಿ ‘ಯೂ ಕಮಿಂಗ್’, ‘ಹಿಮ್ ಗೋಯಿಂಗ್’ ಕಡೆಗೆ ಸಲೀಸಾಗಿ ವಾಲಿದರೆ ಅದರ ಹಿಂದೆ ಈ ಅಭ್ಯಾಸವೂ ಇದೆ ಎಂಬುದು ನನ್ನ ಎಣಿಕೆ. ಅದು ಅಜ್ಞಾನವಲ್ಲ, ತಾಯ್ನುಡಿಯ ವ್ಯಾಕರಣ ಕಲಿಸಿದ ಶಿಸ್ತು.

ಇಂಗ್ಲಿಷಿನ ತೊಡಕೇನೆಂದರೆ ‘ಡ್ರಿಂಕಿಂಗ್’ ಒಂದೇ ರೂಪ ನಮ್ಮ ‘ಕುಡಿತ’ದ ಕೆಲಸವನ್ನೂ ‘ಕುಡಿಯುವುದು’ ಮಾಡುವ ಕೆಲಸವನ್ನೂ ಮಾಡಬೇಕು. ‘ಹಿಸ್ ಡ್ರಿಂಕಿಂಗ್ ದ ಪಾನಕಂ’ ಎಂದಾಗ ‘ಡ್ರಿಂಕಿಂಗ್’ಗೆ ಮೊದಲು ನಾಮಪದಕ್ಕೆ ಸಲ್ಲುವ ಷಷ್ಠಿ, ನಂತರ ಕ್ರಿಯಾಪದಕ್ಕೆ ಸಲ್ಲುವ ಕರ್ಮ. ಈ ಮಿಶ್ರ ರೂಪವೇ ಫೌಲರ್ ಮೆಚ್ಚಿದ ಶುದ್ಧ ರೂಪ! ಅವರ ತರ್ಕ ಇಲ್ಲಿಯೇ ಸಡಿಲವಾಗುತ್ತದೆ. ಅರ್ಥದಲ್ಲೂ ಗೊಂದಲವಿದೆ. ‘ಅವಳ ಹಾಡುಗಾರಿಕೆ ನನಗೆ ಹಿಡಿಸಲಿಲ್ಲ’ ಎಂದರೆ ಶ್ರುತಿಯೋ ತಾಳವೋ ಸರಿಯಿರಲಿಲ್ಲ. ‘ಅವಳು ಹಾಡುವುದು ನನಗೆ ಹಿಡಿಸಲಿಲ್ಲ’ ಎಂದರೆ ಹಾಡುವುದೇ ಬೇಡವಾಗಿತ್ತು ಎಂಬ ಅರ್ಥಕ್ಕೂ ದಾರಿಯಿದೆ. ಇಂಗ್ಲಿಷಿನ ‘ಹರ್ ಸಿಂಗಿಂಗ್’ ಎರಡನ್ನೂ ಒಟ್ಟಿಗೆ ಹೊತ್ತು ಓದುಗರನ್ನು ನಡುವೆ ನಿಲ್ಲಿಸುತ್ತದೆ.

ಹಾಗಿದ್ದರೆ ಬರೆಯುವುದು ಹೇಗೆ? ಅರ್ಜಿ, ಪ್ರಬಂಧ, ನ್ಯಾಯಾಲಯದ ಕಾಗದದಲ್ಲಿ ಸರ್ವನಾಮಕ್ಕೂ ವ್ಯಕ್ತಿಯ ಹೆಸರಿಗೂ ಷಷ್ಠಿ ಇಡಿ: ‘ಯುವರ್ ಕಮಿಂಗ್’, ‘ಸೀತಾಸ್ ಲೀವಿಂಗ್’. ವಾಕ್ಯದ ಮೊದಲಲ್ಲಿ ಬಂದರಂತೂ ಬಿಡಲೇಬೇಡಿ, ‘ಮೀ’ ಅಲ್ಲಿ ಒರಟಾಗಿ ಕೇಳುತ್ತದೆ. ಮನೆಮಾತಿನಲ್ಲಿ, ಫೋನಿನಲ್ಲಿ, ಗೆಳೆಯರ ಪತ್ರದಲ್ಲಿ ಎಸ್ ಬಿಟ್ಟರೆ ಏನೂ ಕೆಡುವುದಿಲ್ಲ. ಅಲ್ಲಿ ಅದನ್ನು ಹುಡುಕಿ ತಿದ್ದುವವರ ಮೇಲೆ ನನಗೆ ಬೇಸರವಿದೆ. ಛಾವಣಿ ಕುಸಿಯುವಂಥ ನಿರ್ಜೀವ ಸಂಗತಿಗೆ ಷಷ್ಠಿ ಬೇಡ. ‘ಗುಂಟೂರಿನಿಂದ ನಡೆದು ಬಂದ ಭಕ್ತರು’ ಎಂಬಷ್ಟು ಉದ್ದದ ಕರ್ತೃವಿನ ತುದಿಗೂ ಎಸ್ ಅಂಟಿಸಬಾರದು. ‘ಐ ಹರ್ಡ್ ಹಿಮ್ ಸಿಂಗಿಂಗ್’ ಬೇರೆಯೇ ಲೆಕ್ಕ. ಕಿವಿಗೆ ಬಿದ್ದದ್ದು ಹಾಡುತ್ತಿದ್ದ ಮನುಷ್ಯ, ಆದ್ದರಿಂದ ‘ಹಿಮ್’ ಸರಿ. ಅತಿ ಎಚ್ಚರದವರು ಇದನ್ನೂ ‘ಹಿಸ್’ ಮಾಡಿ ಅರ್ಥವನ್ನೇ ಬದಲಿಸುತ್ತಾರೆ.

ನನ್ನ ನಿಜವಾದ ಕಳವಳ ಕನ್ನಡದ್ದು. ಈ ಇಂಗ್ಲಿಷ್ ಷಷ್ಠಿ ಅನುವಾದದ ಬಾಗಿಲಿನಿಂದ ನಮ್ಮ ಕಚೇರಿ ಕನ್ನಡಕ್ಕೆ ನುಗ್ಗಿದೆ. ‘ಅರ್ಜಿದಾರರ ಹಾಜರಾಗದಿರುವಿಕೆಯಿಂದಾಗಿ’, ‘ಸದಸ್ಯರ ಸಭೆಯನ್ನು ತ್ಯಜಿಸುವಿಕೆ’, ‘ಸರ್ಕಾರದ ಅನುಮತಿಯನ್ನು ನೀಡುವಿಕೆ’: ಇಂಥ ಸಾಲುಗಳು ಬೆಳೆಯುತ್ತಲೇ ಇವೆ. ‘ಇಕೆ’ ಹಚ್ಚಿದ ಕೂಡಲೇ ಷಷ್ಠಿ ತರಬೇಕು, ಷಷ್ಠಿ ತಂದಮೇಲೆ ಕರ್ಮ ಎಲ್ಲಿ ನಿಲ್ಲಬೇಕೆಂದು ತೋಚದು, ವಾಕ್ಯ ಉಸಿರುಗಟ್ಟುತ್ತದೆ. ‘ಅರ್ಜಿದಾರರು ಹಾಜರಾಗದ ಕಾರಣ’ ಎಂದರೆ ಮುಗಿಯಿತು. ‘ಸದಸ್ಯರು ಸಭೆ ಬಿಟ್ಟು ಹೋದದ್ದು’, ‘ಸರ್ಕಾರ ಅನುಮತಿ ಕೊಟ್ಟದ್ದು’ ಎಂದು ಬರೆದರೆ ಯಾವ ಗುಮಾಸ್ತರ ಘನತೆಯೂ ಕುಂದುವುದಿಲ್ಲ. ಸಂತೆಯಲ್ಲಿ ತರಕಾರಿ ಮಾರುವ ಹೆಂಗಸು ‘ಮಳೆ ಬಂದಿದ್ದು ಒಳ್ಳೇದಾಯ್ತು’ ಎನ್ನುತ್ತಾಳೆ, ‘ಮಳೆಯ ಬರುವಿಕೆ’ ಎಂದು ಎಂದೂ ಹೇಳುವುದಿಲ್ಲ. ಅವಳ ವಾಕ್ಯರಚನೆಯನ್ನೇ ಸುತ್ತೋಲೆ ಬರೆಯುವವರೂ ಹಿಡಿಯಲಿ ಎಂದು ಕೇಳುತ್ತೇನೆ.